‘ಡ್ಯೂಟಿ ಮ್ಯಾಲಿದ್ದಾಗ ಎಲ್ಲಿಗೆ ಹೋಗ್ತೀರಿ?’

ನೀರು ಕುಡಿಯದೆ ಹಗಲು ಕಳೆಯುವುದು ಹೇಗೆ ಎಂದು ಆ ಕಾಲದಲ್ಲಿ ಯಾರಾದರೂ ಕೇಳಿದ್ದರೆ ನಾನು ಪಾಠವನ್ನೇ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಅರ್ಧ ಕಪ್ ಚಹಾ, ಅದೂ ಮನೆ ಬಿಡುವ ಬಹಳ ಮೊದಲು. ರೊಟ್ಟಿಯ ಜೊತೆ ಸಪ್ಪೆ ಪಲ್ಯ, ಯಾಕೆಂದರೆ ಖಾರ ತಿಂದ ನಾಲಿಗೆ ನೀರು ಬೇಡುತ್ತದೆ. ಬಾಯಿ ಒಣಗಿದರೆ ಒಂದು ಲವಂಗ. ಬಿಸಿಲು ತೀರಾ ಹೆಚ್ಚಾದರೆ ಕರವಸ್ತ್ರ ಒದ್ದೆ ಮಾಡಿ ತುಟಿಗೆ ಒತ್ತಿಕೊಳ್ಳುವುದು, ನುಂಗಬಾರದು. ಹೀಗೆ ನಾನು ವರ್ಷಗಟ್ಟಲೆ ಬದುಕಿದೆ. ನನ್ನ ಹಾಗೆ ಬದುಕುವ ಹೆಂಗಸರು ಎಷ್ಟು ಮಂದಿ ಇದ್ದಾರೆ ಎಂಬುದು ನನಗೆ ಕಾಯಿಲೆ ಬಿದ್ದ ಮೇಲೆಯೇ ಗೊತ್ತಾಯಿತು. ಇದನ್ನು ಓದುತ್ತಿರುವವರಲ್ಲಿ ಅಂಥವರು ಒಬ್ಬರಿದ್ದರೂ ಸಾಕು, ಈ ಮಾತು ಅವರಿಗಾಗಿ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮ ಬಸ್ಸು ರಾಣೆಬೆನ್ನೂರಿನಿಂದ ಹೊರಟು ಕದರಮಂಡಲಗಿ, ಬ್ಯಾಡಗಿ, ಕಾಗಿನೆಲೆ ಮುಟ್ಟಿ ಹಾವೇರಿಗೆ ಹೋಗುತ್ತಿತ್ತು, ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ಎರಡು ಸಾವಿರದ ದಶಕದ ಆ ವರ್ಷಗಳಲ್ಲಿ ಹೆಣ್ಣು ಕಂಡಕ್ಟರು ನಮ್ಮ ಕಡೆ ಹೊಸದು. ಮೊದಲ ವಾರ ಮುದುಕರೊಬ್ಬರು ಟಿಕೆಟ್ಟು ತೆಗೆಸದೆ, “ಕಂಡಕ್ಟರ್ ಬರಲಿ, ಆಮ್ಯಾಲೆ ತಗೋತೇನಿ” ಎಂದು ಕಿಟಕಿಯ ಹೊರಗೆ ನೋಡುತ್ತ ಕೂತುಬಿಟ್ಟರು. ನಾನು ಸೀಟಿ ಊದಿ ಬಸ್ಸು ನಿಲ್ಲಿಸಿದಾಗ ಬೆಚ್ಚಿಬಿದ್ದು ಚೀಲ ತೆಗೆದರು. ಬಸ್ಸಿಗೆ ಬಸ್ಸೇ ನಕ್ಕಿತು. ಅವರೂ ನಕ್ಕರು. ಆ ಕೆಲಸ ನನಗೆ ಅಷ್ಟು ಹಿಡಿಸಿತ್ತು. ಸುಗ್ಗಿಯಲ್ಲಿ ಬ್ಯಾಡಗಿ ಹತ್ತಿರವಾದಂತೆ ಮೆಣಸಿನಕಾಯಿ ಘಾಟಿಗೆ ಇಡೀ ಬಸ್ಸು ಸೀನುತ್ತಿತ್ತು. ಆ ಸೀನಿನ ನಡುವೆ “ಯಾರ್ರೀ ಬ್ಯಾಡಗಿ, ಇಳೀರಿ” ಎಂದು ಕೂಗುವಾಗ ನಾನು ಯಾವುದೋ ದೊಡ್ಡ ಸಂಸಾರದ ಹಿರಿಯಳು ಅನ್ನಿಸುತ್ತಿತ್ತು.

ಆದರೆ ಒಂದು ತೊಂದರೆ ಇತ್ತು. ನಮ್ಮ ಡ್ರೈವರ್ ಇಮಾಮಸಾಬ್ ಕಾಕಾ ಯಾವ ಊರಿನ ಹೊರಗಾದರೂ ಇಳಿದು ಜಾಲಿ ಗಿಡದ ಹಿಂದೆ ಹೋಗಿ ಬರುತ್ತಿದ್ದರು. ನಾನು ಎಲ್ಲಿಗೆ ಹೋಗಲಿ? ಹಳ್ಳಿಯ ಸ್ಟಾಪಿನಲ್ಲಿ ಒಂದು ಕಟ್ಟೆ ಇದ್ದರೆ ಹೆಚ್ಚು. ದೊಡ್ಡ ನಿಲ್ದಾಣದಲ್ಲಿ ಬಸ್ಸು ನಿಂತ ಸ್ವಲ್ಪ ಹೊತ್ತಿನಲ್ಲಿ ಕಂಟ್ರೋಲರ್ ಹತ್ತಿರ ಓಡಬೇಕು, ಹತ್ತುವವರನ್ನು ನೋಡಬೇಕು. ಅಷ್ಟರಲ್ಲಿ ಕಾಕಾ ಹಾರ್ನ್ ಹೊಡೆದಿರುತ್ತಿದ್ದರು. ಆದ್ದರಿಂದ ನಾನು ಸುಲಭದ ದಾರಿ ಹಿಡಿದೆ. ಕುಡಿದರಲ್ಲವೇ ಹೋಗಬೇಕಾದದ್ದು? ಕುಡಿಯುವುದನ್ನೇ ಬಿಟ್ಟೆ.

ಮೊದಲು ಉರಿಮೂತ್ರ ಬಂತು. ಗುಳಿಗೆ ತಗೊಂಡೆ, ಹೋಯಿತು. ತಿಂಗಳು ಕಳೆಯುವುದರೊಳಗೆ ಮತ್ತೆ ಬಂತು. ಬೇರೆ ಡಾಕ್ಟರು, ಬೇರೆ ಗುಳಿಗೆ. ಎಲ್ಲರೂ ಹೇಳಿದ್ದು ಒಂದೇ ಮಾತು, “ನೀರು ಜಾಸ್ತಿ ಕುಡೀರಿ.” ನಾನೂ ಎಲ್ಲರಿಗೂ ಒಂದೇ ರೀತಿ ತಲೆಯಾಡಿಸಿದೆ. ಯಾಕೆ ಕುಡಿಯುವುದಿಲ್ಲ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳುವ ಮಾತೇ ಅದು? ಸಾಲಿನಲ್ಲಿ ನನ್ನ ಹಿಂದೆ ಇನ್ನೂ ಹತ್ತಾರು ಜನ ನಿಂತಿರುತ್ತಿದ್ದರು. ಗಂಡನಿಗೂ ಹೇಳಿರಲಿಲ್ಲ. ನಮ್ಮ ಮನೆಯವರು ಮೋಟಾರು ರಿಪೇರಿ ಮಾಡುವವರು. ಯಾವ ಪಂಪು ಯಾಕೆ ಸುಟ್ಟಿತು ಎಂದು ದೂರದಿಂದಲೇ ವಾಸನೆ ಹಿಡಿದು ಹೇಳುತ್ತಾರೆ. ಹೆಂಡತಿಯ ಮುಖ ಕಪ್ಪಿಟ್ಟದ್ದಕ್ಕೆ ಮಾತ್ರ, “ಬಿಸಲಾಗ ಅಡ್ಡಾಡ್ತೀಯಲ್ಲ, ಅದಕ್ಕ” ಅಂದಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ಕಾಗಿನೆಲೆ ಬಿಟ್ಟು ಹಾವೇರಿಯ ದಾರಿ ಹಿಡಿದಿದ್ದೆವು. ಹೊರಗೆ ಕೆಂಡದಂಥ ಬಿಸಿಲು. ನನಗೆ ಮಾತ್ರ ಚಳಿ. ಹಲ್ಲು ಕಟಕಟ ಎನ್ನತೊಡಗಿತು. ಪಕ್ಕೆಯ ಕೆಳಗೆ, ಬೆನ್ನಿನ ಬಲಗಡೆ, ಯಾರೋ ಗುದ್ದಲಿಯಿಂದ ಅಗೆಯುತ್ತಿರುವಂತೆ ನೋವು. ಟಿಕೆಟ್ಟು ಹರಿಯುತ್ತಿದ್ದವಳು ಕಂಬಿ ಹಿಡಿದು ಹಾಗೆಯೇ ಕುಸಿದೆ. ಹಿಂದಿನ ಸೀಟಿನ ಹೆಂಗಸೊಬ್ಬಳು ನನ್ನ ಹಣೆ ಮುಟ್ಟಿ ಕೂಗಿದಳು, “ಡ್ರೈವರ್‍ರೀ! ಕಂಡಕ್ಟರಮ್ಮಗ ಮೈ ಸುಡಾಕತ್ತೈತಿ!”

ಕಾಕಾ ಬಸ್ಸು ನಿಲ್ಲಿಸಿ ಹಿಂದೆ ತಿರುಗಿ ನೋಡಿದರು. ಆಮೇಲೆ ಜನರಿಗೆ ಹೇಳಿದ ಮಾತು ನನಗೆ ಈಗಲೂ ನೆನಪಿದೆ. “ನೋಡ್ರಿ, ಈ ಹುಡುಗಿನ್ನ ದವಾಖಾನಿಗೆ ಮುಟ್ಟಸಬೇಕು. ನಡುವ ಎಲ್ಲೂ ನಿಲ್ಲಸೂದಿಲ್ಲ. ಬ್ಯಾಡಾದವರು ಇಲ್ಲೇ ಇಳೀರಿ.”

ಒಬ್ಬರೂ ಇಳಿಯಲಿಲ್ಲ. ನಡುವಿನ ಊರುಗಳವರು ತಮ್ಮ ಸ್ಟಾಪು ದಾಟಿ ಹೋಗುವುದನ್ನು ಕಿಟಕಿಯಿಂದ ನೋಡುತ್ತ ಕೂತರು. ನನ್ನ ತಲೆ ಆ ಹೆಂಗಸಿನ ತೊಡೆಯ ಮೇಲಿತ್ತು. ಯಾರೋ ನನ್ನ ರೊಕ್ಕದ ಚೀಲವನ್ನು ಎದೆಗವಚಿಕೊಂಡು ಕಾಯುತ್ತಿದ್ದರು. ಅವರಲ್ಲಿ ಎಷ್ಟು ಜನ ಆಮೇಲೆ ಹಾವೇರಿಯಿಂದ ಹಿಂದಕ್ಕೆ ಬಸ್ಸು ಹಿಡಿದು ಬಂದರೋ, ಹೆಸರು ಸಹ ಕೇಳಿಟ್ಟುಕೊಳ್ಳಲಿಲ್ಲ.

ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಸಲೈನು, ಇಂಜೆಕ್ಷನ್ನು, ಸ್ಕ್ಯಾನಿಂಗು. ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿಸಿ ಬೆಂಚಿನ ಮೇಲೆ ಕೂರಿಸಿದ್ದರು. ಸಾಲಿನಲ್ಲಿದ್ದವರೆಲ್ಲ ಕಾಲು ಒತ್ತಿಕೊಂಡು ಚಡಪಡಿಸುತ್ತಿದ್ದರೆ ನಾನೊಬ್ಬಳೇ ಕಲ್ಲಿನ ಹಾಗೆ ಕೂತಿದ್ದೆ. ಪಕ್ಕದವಳು, “ನಿಮಗ ಹೆಂಗ ತಡೀತೈತ್ರಿ?” ಎಂದು ಕೇಳಿದಳು. ರೂಢಿ ಅಂದೆ. ಆ ಜ್ವರದಲ್ಲೂ ನಗು ಬಂತು. ಆದರೆ ಡಾಕ್ಟರ ಮಾತು ನಗುವ ಮಾತಾಗಿರಲಿಲ್ಲ. ಇದು ಮತ್ತೆ ಮತ್ತೆ ಹೀಗೇ ಏರಿದರೆ ಮೂತ್ರಪಿಂಡ ಕೆಡಬಹುದು ಎಂದು ಗಂಡನನ್ನು ಕರೆದು ಹೇಳಿದರು.

ಮನೆಯಲ್ಲಿ ತೀರ್ಮಾನ ಆಗಿಹೋಯಿತು. “ಕೆಲಸ ಬಿಟ್ಟುಬಿಡು” ಎಂದರು ನಮ್ಮ ಮನೆಯವರು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಅತ್ತೆ ಗೌರವ್ವ ಮೊದಲಿನಿಂದಲೂ ಈ ನೌಕರಿಗೆ ಒಲ್ಲೆ ಎಂದವರೇ. “ಹೆಣ್ಣಮಕ್ಕಳು ದಿನಾ ಊರೂರು ತಿರಗಿದರ ಆರೋಗ್ಯ ಉಳೀತೈತೇನು?” ಎಂದು ಗೊಣಗುತ್ತ ನನಗೆ ಬಾರ್ಲಿ ನೀರು ಕಾಸುತ್ತಿದ್ದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಮೊಳೆಗೆ ತೂಗುಹಾಕಿದ್ದ ಖಾಕಿ ಅಂಗಿ ಅಲ್ಲೂ ಕಣ್ಣಿಗೆ ಬೀಳುತ್ತಿತ್ತು. ಕಾಯಿಲೆಗಿಂತ ಅದೇ ದೊಡ್ಡ ನೋವು.

ಆಸ್ಪತ್ರೆಯಿಂದ ಬಂದ ಮೇಲೆ ಮೂತ್ರ ಪರೀಕ್ಷೆಗೆ ಓಣಿಯ ಹತ್ತಿರದ ಸಣ್ಣ ಸರ್ಕಾರಿ ದವಾಖಾನೆಗೆ ಹೋಗಬೇಕಿತ್ತು. ಅಲ್ಲಿಗೆ ಸುಮಂಗಲಾ ಎಂಬ ಹೊಸ ಡಾಕ್ಟರು ಬಂದಿದ್ದರು. ಅತ್ತೆ ನನ್ನ ಜೊತೆ ಬಂದರು. ಕಾಯುವ ಜನ ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಕೂತು ಆ ಡಾಕ್ಟರನ್ನೇ ಆಡಿಕೊಳ್ಳುತ್ತಿದ್ದರು.

“ಬೀಗತನಕ್ಕ ಬಂದವರಂಗ ಕೇಳ್ತಾರವ್ವ” ಎಂದಳು ಒಬ್ಬಳು. “ಮನ್ಯಾಗ ಯಾರ್‍ಯಾರು ಇದ್ದೀರಿ, ಅಡಗಿ ಯಾರು ಮಾಡ್ತೀರಿ, ನೀರು ಎಲ್ಲಿಂದ ತರ್ತೀರಿ. ನನಗ ಮಣಕಾಲ ಬ್ಯಾನಿ!”

ಒಳಗಿನಿಂದ ಬಂದ ಮುದುಕನೊಬ್ಬ ಅವಳ ಮಾತಿಗೆ ದನಿಗೂಡಿಸಿದ. “ನಾ ಕೆಮ್ಮಿಗೆ ಔಷಧ ಕೇಳಾಕ ಹೋದರ, ಅಜ್ಜಾ ನೀ ಮಲಗೂದು ಎಲ್ಲಿ ಅಂದ್ರು. ಒಲಿ ಮುಂದ ಬೆಚ್ಚಗಿರತೈತಿ, ಅಲ್ಲೇ ಮಲಗ್ತೇನಿ ಅಂದೆ. ಮೊದಲ ಹಾಸಿಗಿ ಪಡಸಾಲಿಗೆ ತಗೊಂಡ ಹೋಗು, ಔಷಧ ಆಮ್ಯಾಲೆ ಅಂತಾರ!” ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು.

ನನ್ನ ಸರದಿ ಬಂತು. ಡಾಕ್ಟರಿಗೆ ನನಗಿಂತ ಸ್ವಲ್ಪ ಹೆಚ್ಚು ವಯಸ್ಸು, ಕೂದಲನ್ನು ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ್ದರು. ಆಸ್ಪತ್ರೆಯ ಚೀಟಿ ನೋಡಿದರು. ನೀರು ಕುಡಿಯಿರಿ ಎಂದು ಹೇಳುತ್ತಾರೆ, ತಲೆಯಾಡಿಸೋಣ ಎಂದು ನಾನು ಸಿದ್ಧವಾಗಿ ಕೂತಿದ್ದೆ. ಅವರು ಕೇಳಿದ್ದು ಬೇರೆ.

“ಏನ ಕೆಲಸ ಮಾಡ್ತೀರಿ?”

“ಬಸ್ ಕಂಡಕ್ಟರ್ ಇದ್ದೇನ್ರಿ.”

“ಹೌದೇನ್ರಿ! ಮತ್ತ ಡ್ಯೂಟಿ ಮ್ಯಾಲಿದ್ದಾಗ ಒಂದಕ್ಕ ಎಲ್ಲಿಗೆ ಹೋಗ್ತೀರಿ?”

ಎಷ್ಟು ಸಹಜವಾಗಿ ಕೇಳಿದರೆಂದರೆ, ನಿಮ್ಮೂರು ಯಾವುದು ಎಂದಂತಿತ್ತು. ನಾನು ಬಾಯಿ ತೆರೆದೆ. ಅಳು ಬಂತು. ಅವರು ಅವಸರ ಮಾಡಲಿಲ್ಲ. ಮೇಜಿನ ಮೇಲಿದ್ದ ತಂಬಿಗೆಯಿಂದ ಲೋಟಕ್ಕೆ ನೀರು ಸುರಿದು ನನ್ನ ಮುಂದೆ ಇಟ್ಟರು. ಆಮೇಲೆ ನಾನು ಎಲ್ಲ ಹೇಳಿದೆ, ಲವಂಗ, ಒದ್ದೆ ಕರವಸ್ತ್ರ, ಎಲ್ಲ. ಪಕ್ಕದಲ್ಲಿ ಅತ್ತೆ ಕೂತಿದ್ದಾರೆ ಎಂಬುದೂ ಮರೆತುಹೋಗಿತ್ತು.

“ಗುಳಿಗಿ ನಾ ಕೊಡ್ತೇನಿ” ಅಂದರು ಡಾಕ್ಟರು. “ಆದರ ನಿಮಗ ಬೇಕಾಗಿರೂದು ಗುಳಿಗಿ ಅಲ್ಲ, ಒಂದು ಬಾಗಲಾ ಇರೂ ಕೋಣಿ. ಆ ದಾರ್‍ಯಾಗ ದಿನಾ ಹೋಗ್ತೀರಿ. ನಿಮಗ ಬಾಗಲಾ ತಗಿಯೂವಂಥವರು ಯಾರೂ ಇಲ್ಲೇನು? ವಿಚಾರ ಮಾಡ್ರಿ. ಮುಂದಿನ ವಾರ ಬಂದು ನನಗ ಹೇಳಬೇಕು.”

ಹೊರಗೆ ಬಂದ ಮೇಲೆ ಅತ್ತೆ ಮನೆಯ ಕಡೆ ನಡೆಯಲಿಲ್ಲ. ಬೇವಿನ ಕಟ್ಟೆಯ ಮೇಲೆ ಕೂತರು. ನನ್ನನ್ನೂ ಕೂರಿಸಿದರು. ಸೆರಗಿನ ತುದಿ ತಿರುವುತ್ತ ಮೆಲ್ಲಗೆ ಮಾತು ತೆಗೆದರು.

“ನಾ ಈ ಮನಿಗೆ ಬಂದಾಗ ಸಂಡಾಸ ಇರಲಿಲ್ಲ, ಶಾಂತಾ. ಹೊತ್ತು ಮುಳಗೂತನಾ ಕಾಯಬೇಕು. ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ಸೈತ ಕಾದೇನಿ. ನಿಮ್ಮ ಮಾವನ್ನ ಕಾಡಿ ಬೇಡಿ ಹಿತ್ತಲದಾಗ ಕಟ್ಟಿಸಿದ ದಿನ, ಕೈಗೆ ಬಂಗಾರದ ಬಳಿ ಇಟ್ಟಷ್ಟು ಸಂತೋಷ ಆಗಿತ್ತು. ನನ್ನ ಸೊಸಿಗೆ ಈ ತ್ರಾಸ ಇಲ್ಲ ಅಂತ ತಿಳಕೊಂಡಿದ್ದೆ. ನೀ ದಿನಾ ಬಸ್ಸಿನ್ಯಾಗ ಹಿಂಗ ಕಾಯಾಕತ್ತೀದಿ ಅಂತ ನನಗೇನ ಗೊತ್ತು?”

ನಾನು ಅವರ ಕೈ ಹಿಡಿದೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಅದೇ ಮೊದಲ ಸಲ ಇರಬೇಕು.

ಅವರು ಎದ್ದು ಸೀರೆ ಕೊಡವಿಕೊಂಡರು. “ಕೆಲಸ ಬಿಡೂದು ಬ್ಯಾಡ. ಸಂಡಾಸ ಹುಡಕೂಣು ನಡಿ.”

ನಾನು ಡ್ಯೂಟಿಗೆ ಮರಳಿದ ದಿನ ಅತ್ತೆ ಇಳಕಲ್ಲ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ನನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಟಿಕೆಟ್ಟನ್ನೂ ತೆಗೆಸಿದರು. ಹಾವೇರಿಗೆ ಯಾಕೆ ಎಂದು ಕಾಕಾ ಕೇಳಿದ್ದಕ್ಕೆ, “ಕನ್ಯಾ ನೋಡಾಕ” ಅಂದುಬಿಟ್ಟರು.

ಕದರಮಂಡಲಗಿ ಸ್ಟಾಪು ಬಂತು. ಸ್ಟಾಪಿನ ಎದುರಿಗೇ ಹನುಮಪ್ಪನ ಗುಡಿಗೆ ಹೋಗುವವರಿಗೆ ಕಾಯಿ, ಹೂವು ಮಾರುವ ಪಾರವ್ವನ ಮನೆ. ನಾನು ಆಕೆಯನ್ನು ದಿನವೂ ನೋಡುತ್ತಿದ್ದೆ, ಮಾತಾಡಿರಲಿಲ್ಲ. ಅತ್ತೆ ಎಲ್ಲರಿಗಿಂತ ಮೊದಲು ಇಳಿದು ಸೀದಾ ಆಕೆಯ ಮುಂದೆ ನಿಂತರು.

“ನಿನ್ನ ತವರಮನಿ ಯಾವೂರವ್ವ?”

ಅದೊಂದು ಪ್ರಶ್ನೆ ಸಾಕಾಯಿತು. ಪಾರವ್ವನ ತವರಿನಲ್ಲಿ ಅತ್ತೆಯ ಚಿಕ್ಕಮ್ಮನ ಮಗಳನ್ನು ಕೊಟ್ಟಿದ್ದರು. ಹೇಗೋ ಅವರಿಬ್ಬರೂ ಅಕ್ಕತಂಗಿಯರಾಗಿಬಿಟ್ಟರು. ಅಷ್ಟಾದ ಮೇಲೆ ಅತ್ತೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು, “ನನ್ನ ಸೊಸಿ ಈ ಬಸ್ಸಿನ ಕಂಡಕ್ಟರ್. ಒಂದಕ್ಕ ಹೋಗಾಕ ಜಾಗಾ ಇಲ್ಲದ ನೀರ ಕುಡಿಯೂದ ಬಿಟ್ಟು, ದವಾಖಾನಿಗೆ ಬಿದ್ದು ಎದ್ದು ಬಂದಾಳ. ದಿನಾ ನಿಮ್ಮನಿ ಸಂಡಾಸಕ್ಕ ಬಿಡ್ತೀಯೇನು?”

ನಾನು ಟಿಕೆಟ್ಟಿನ ಪೆಟ್ಟಿಗೆಯಿಂದ ಮುಖ ಮುಚ್ಚಿಕೊಂಡೆ. ಪಾರವ್ವ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಗೊಳ್ಳೆಂದು ನಕ್ಕಳು.

“ಅಯ್ಯ, ಇಷ್ಟಕ್ಕ ಇಷ್ಟ ಮಾತ ಬೇಕೇನ್ರಿ ಯಕ್ಕಾ! ಇಳದ ಬಾರವ್ವ ಕಂಡಕ್ಟರಮ್ಮ. ಹಿತ್ತಲದಾಗ ಐತಿ, ಕೊಡದಾಗ ನೀರ ಐತಿ, ಚಿಲಕ ಗಟ್ಟಿ ಐತಿ. ಇನ್ನೇನ ಬೇಕು?”

ನಾನು ಇಳಿದು ಹೋದೆ. ಹೋಗಿ ಬರುವಷ್ಟರಲ್ಲಿ ಬಸ್ಸಿನಲ್ಲಿ ಸಂತೆ ಸೇರಿತ್ತು. ಹೆಂಗಸರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. “ನಾನೂ ಊರಿಗೆ ಹೋಗೂ ದಿನಾ ನೀರ ಮುಟ್ಟೂದಿಲ್ರಿ” ಎಂದಳು ಒಬ್ಬಳು. “ನಾವ ಎಲ್ಲಾರೂ ಹಂಗ” ಎಂದಳು ಇನ್ನೊಬ್ಬಳು. ಬಸುರಿ ಮಗಳನ್ನು ಕರೆದುಕೊಂಡು ಹೊರಟಿದ್ದ ತಾಯಿಯೊಬ್ಬಳು ನಾಚುತ್ತ ಪಾರವ್ವನ ಮನೆಯ ಕಡೆ ಕೈ ಮಾಡಿ, “ನಮ್ಮ ಹುಡಗೀನೂ ಹೋಗಿ ಬರ್ಲೇನ್ರಿ?” ಅಂದಳು. ಆ ಹುಡುಗಿಯೂ ಹೋಗಿಬಂದಳು. ಕಿಟಕಿಯ ಹತ್ತಿರ ಕೂತಿದ್ದ ಅಜ್ಜಿಯೊಬ್ಬರು, ಬ್ಯಾಡಗಿಯಲ್ಲಿ ತಮ್ಮ ತಂಗಿಯ ಮನೆ ಸ್ಟ್ಯಾಂಡಿನ ಹಿಂದೆಯೇ ಇದೆ, ಅಲ್ಲಿ ತಮ್ಮ ಹೆಸರು ಹೇಳಿದರೆ ಸಾಕು ಎಂದರು. ಕಾಗಿನೆಲೆಗೆ ಬರುವಷ್ಟರಲ್ಲಿ ಅಂಗನವಾಡಿಯ ಗಿರಿಜಕ್ಕ ಎಂಬುವರ ಮನೆಯೂ ಗೊತ್ತಾಯಿತು. ಅತ್ತೆ ಅಲ್ಲೂ ಇಳಿದು ತವರುಮನೆ ವಿಚಾರಿಸಿದರು.

ಹಾವೇರಿ ಮುಟ್ಟಿದ ಮೇಲೆ ಇಮಾಮಸಾಬ್ ಕಾಕಾ ಬಸ್ಸು ನಿಲ್ಲಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, “ನನ್ನ ಹಿಂದ ದಿನಾ ನಿಂತಿರ್ತಿದ್ದಿ. ಒಂದು ಮಾತು ಹೇಳಬಾರದೇನ ತಂಗಿ?” ಅಂದರು.

“ಹೆಂಗ ಹೇಳ್ಲಿ ಕಾಕಾ?”

“ಹೌದು. ಹೆಂಗ ಹೇಳ್ತಿ” ಎಂದು ತಾವೇ ಒಪ್ಪಿಕೊಂಡರು.

ಮಾರನೆಯ ದಿನದಿಂದ ಕದರಮಂಡಲಗಿಯಲ್ಲಿ ಬಸ್ಸಿನ ಇಂಜಿನ್ನು ತಪ್ಪದೆ ಬಿಸಿಯಾಗತೊಡಗಿತು. ಕಾಕಾ ಇಳಿದು, ಬಾನೆಟ್ಟು ಎತ್ತಿ, ನಿಧಾನವಾಗಿ ನೀರು ಹಾಕುತ್ತಿದ್ದರು. ನಾನು ಪಾರವ್ವನ ಮನೆಯಿಂದ ಬರುವುದಕ್ಕೂ ಬಾನೆಟ್ಟು ಮುಚ್ಚುವುದಕ್ಕೂ ಸರಿಹೋಗುತ್ತಿತ್ತು. ದಿನವೂ ಬರುವ ಮಾಸ್ತರರೊಬ್ಬರು ಒಂದು ದಿನ ಕೇಳಿದರು, “ಅಲ್ರೀ, ಮಳಿ ಹೊಡ್ಯಾಕತ್ತೈತಿ. ಇಂಜಿನ್ನು ಇವತ್ತೂ ಇಲ್ಲೇ ಬಿಸಿ ಆತೇನ್ರಿ?”

“ಗಾಡಿ ಹಳೇದ್ರಿ ಸರ” ಎಂದರು ಕಾಕಾ, ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ.

ನಾನು ಬಾಟಲಿ ಕಟ್ಟಿಕೊಂಡು ಹೋಗತೊಡಗಿದೆ. ಬಿಸಿಲಲ್ಲಿ ತಣ್ಣನೆಯ ನೀರು ಗಂಟಲಿಂದ ಇಳಿಯುವುದು ಎಂಥ ಸುಖವೆಂದು ಮೊದಲ ಸಲ ಕಂಡವಳಂತೆ ಕುಡಿದೆ. ಪಾರವ್ವನಲ್ಲಿ ನೀರು, ಬ್ಯಾಡಗಿಯ ಆ ತಂಗಿಯ ಮನೆಯಲ್ಲಿ ಮಜ್ಜಿಗೆ, ಗಿರಿಜಕ್ಕನಲ್ಲಿ ಚಹಾ. ಕುಡಿದದ್ದನ್ನು ಮುಂದಿನ ಮನೆಯಲ್ಲಿ ಇಳಿಸಬಹುದು ಎಂಬ ಧೈರ್ಯ. ಖಾರದ ಪಲ್ಯ ಮತ್ತೆ ಡಬ್ಬಿಗೆ ಬಂತು. ನಮ್ಮ ಡಿಪೋದಲ್ಲಿ ಇನ್ನೊಬ್ಬಳು ಹೆಣ್ಣು ಕಂಡಕ್ಟರಿದ್ದಳು. ನಾವಿಬ್ಬರೂ ಕೂಡಿ ಡಿಪೋ ಸಾಹೇಬರ ಹತ್ತಿರ ಹೋಗಿ ಅಲ್ಲಿಯ ಹೆಂಗಸರ ಸಂಡಾಸಕ್ಕೆ ಚಿಲಕ ಹಾಕಿಸಿರಿ ಎಂದು ಕೇಳಿದೆವು. ಅವರು ನಮಗಿಂತ ಹೆಚ್ಚು ನಾಚಿ, ಮೇಜಿನ ಕಡೆ ನೋಡುತ್ತಲೇ ಒಪ್ಪಿದರು. ಚಿಲಕವೂ ಬಂತು, ದೀಪವೂ ಬಂತು.

ಡಾಕ್ಟರಿಗೆ ವರದಿ ಒಪ್ಪಿಸಲು ಹೋದಾಗ ಅತ್ತೆ ಪಾರವ್ವನ ಪ್ರಸಂಗವನ್ನು ಅಭಿನಯ ಮಾಡಿ ತೋರಿಸಿದರು. ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಗ ನನಗೆ ಎಲ್ಲಿಂದಲೋ ಧೈರ್ಯ ಬಂದು ಕೇಳಿಬಿಟ್ಟೆ, “ಮೇಡಮ್ಮಾರ, ನೀವು ಮುಂಜಾನಿಂದ ಇಲ್ಲೇ ಕುಂತಿರ್ತೀರಿ. ನೀವೆಲ್ಲಿಗೆ ಹೋಗ್ತೀರಿ?”

ಅವರು ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಮುಖ ನೋಡಿದರು. ಇಬ್ಬರೂ ನಕ್ಕರು. “ಇಲ್ಲಿ ಐತ್ರಿ, ಆದರ ನಲ್ಲ್ಯಾಗ ನೀರ ಇಲ್ಲ. ಸಿಸ್ಟರ್ ಮನಿಗೆ ಓಡ್ತೇನಿ. ಈ ಪ್ರಶ್ನಾ ಮಂದಿನ್ನೆಲ್ಲಾ ಕೇಳ್ತೇನಿ ನೋಡ್ರಿ, ನನಗ ಕೇಳಿದವರು ನೀವ ಮೊದಲು.”

ಮರುವಾರ ನಮ್ಮ ಮನೆಯವರು ಅಂಗಡಿ ಮುಚ್ಚಿ, ಸಾಮಾನಿನ ಚೀಲ ಹಿಡಿದು ಅಲ್ಲಿಗೆ ಹೋದರು. ದವಾಖಾನೆಯ ಪಂಪು ಸುಟ್ಟು ಕೂತಿತ್ತಂತೆ. ಅದನ್ನು ಸರಿಮಾಡಿ ನಲ್ಲಿಯಲ್ಲಿ ನೀರು ಬಿಟ್ಟೇ ಬಂದರು. ಮನೆಗೆ ಬಂದು ಕೈ ತೊಳೆಯುತ್ತ, ನನ್ನ ಕಡೆ ನೋಡದೆ, “ಬಿಸಲಿಗೆ ಮುಖ ಕಪ್ಪಾಗೇತಿ ಅಂದಿದ್ದೆ ನಾ” ಎಂದು ಮೆಲ್ಲಗೆ ಅಂದರು. ಅವರ ಬಾಯಿಂದ ಅಷ್ಟು ಬರುವುದೇ ದೊಡ್ಡದು.

ಮಳೆಗಾಲ ಮುಗಿಯುವ ಹೊತ್ತಿಗೆ ಪರೀಕ್ಷೆಗಳೆಲ್ಲ ಸ್ವಚ್ಛವಾಗಿ ಬಂದವು. ಸ್ಕ್ಯಾನಿಂಗಿನಲ್ಲಿ ಎರಡೂ ಮೂತ್ರಪಿಂಡ ಚೆನ್ನಾಗಿವೆ ಎಂದರು. ಆ ದಿನ ಅತ್ತೆ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದವರೇ, “ಆ ಹೆಣ್ಣಮಕ್ಕಳನ್ನ ಕರದು ಉಡಿ ತುಂಬಬೇಕು. ಬರೇ ಬಾಯಿಮಾತಿನ್ಯಾಗ ಉಪಕಾರ ತೀರತೈತೇನು?” ಎಂದರು.

ನನ್ನ ವಾರದ ರಜೆಯ ದಿನ ಗೊತ್ತುಮಾಡಿದೆವು. ಅತ್ತೆ ಮನೆಗೆ ಸುಣ್ಣ ಹೊಡೆಸಿದರು. ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆಯ ಮೇಲೆ ಹೋಳಿಗೆ ಬೇಯಿಸಿ ಬುಟ್ಟಿಯಲ್ಲಿ ಪೇರಿಸಿದೆವು. ರವಿಕೆಯ ಕಣ, ಕಾಯಿ, ಅಕ್ಕಿ, ಅರಿಶಿನದ ಕೊಂಬು ಮೊರದಲ್ಲಿ ಹೊಂದಿಸಿಟ್ಟೆವು. ಕಾಕಾ ಅಂದು ಡ್ಯೂಟಿಯ ಮೇಲಿದ್ದರು. ಕಾಗಿನೆಲೆಯಿಂದ ಗಿರಿಜಕ್ಕ, ಬ್ಯಾಡಗಿಯಿಂದ ಆ ಅಜ್ಜಿ ಮತ್ತು ಅವರ ತಂಗಿ, ಕದರಮಂಡಲಗಿಯಿಂದ ಪಾರವ್ವ, ಎಲ್ಲರೂ ಒಂದೇ ಬಸ್ಸಿನಲ್ಲಿ, ಹೊಸ ಸೀರೆ ಉಟ್ಟು, ದಾರಿಯುದ್ದಕ್ಕೂ ಹರಟೆ ಹೊಡೆಯುತ್ತ ಬಂದರು. ಸಂಭ್ರಮದಲ್ಲಿ ಬಸ್ಸು ಎಲ್ಲೂ ಬಿಸಿಯಾಗಿರಲಿಲ್ಲವಂತೆ.

ಅತ್ತೆ ಬಾಗಿಲಲ್ಲೇ ತಂಬಿಗೆ ಹಿಡಿದು ನಿಂತಿದ್ದರು. “ಬರ್ರಿ ಬರ್ರಿ, ಕಾಲಿಗೆ ನೀರ ತಗೋರಿ, ಕುಂದ್ರಿ.”

ಪಾರವ್ವ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಕುಂದ್ರೂದು ಆಮ್ಯಾಲೆ, ಉಡಿ ತುಂಬೂದೂ ಆಮ್ಯಾಲೆ. ಮೊದಲ ನಿಮ್ಮನಿ ಸಂಡಾಸ ಎಲ್ಲೈತಿ ತೋರಸ್ರಿ!”

ಹಿಂದಿದ್ದವರೆಲ್ಲ, “ನಂದೂ ಪಾಳಿ, ನಂದೂ ಪಾಳಿ” ಎನ್ನುತ್ತ ಅವಳ ಬೆನ್ನಿಗೆ ಸಾಲು ಹಚ್ಚಿದರು. ನಗುವಿಗೆ ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಅತ್ತೆ ಸೆರಗು ಸಿಕ್ಕಿಸಿ, ತಾವೇ ಮುಂದಾಗಿ ಹಿತ್ತಲಿನ ದಾರಿ ತೋರಿಸಿದರು. ಬಾಗಿಲ ಮುಂದೆ ರಂಗೋಲಿ ಹಾಕಿಟ್ಟಿದ್ದರು.